ಮೀಟರ್ ಬೋರ್ಡಿಗೆ ನಿಂಬೆಹಣ್ಣು ಬೇಡ, ಎರಡು ಸಾಲಿನ ಲೆಕ್ಕ ಸಾಕು

ಮೂಡಿಗೆರೆ ಕಡೆಯ ಜುಲೈ ಮಳೆ ಗೊತ್ತಲ್ವಾ? ಅಂಥ ಒಂದು ರಾತ್ರಿ ನನ್ನ ಚಿಕ್ಕಪ್ಪನ ಮನೆಯಲ್ಲಿ ಬಲ್ಬುಗಳು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವ ಹಾಗೆ ಉರಿದವು. ಟಿವಿ ಹಿಂದಿನಿಂದ ಹೊಗೆ ಬಂತು. ಅದೇ ಹೊತ್ತಿಗೆ ಎದುರು ಮನೆಯಲ್ಲಿ ಬಲ್ಬು ಕೆಂಡದ ಹಾಗೆ ಮಿಣುಕುತ್ತಿತ್ತು. ಗೀಸರ್ ಹಾಕಿ ಅರ್ಧ ಗಂಟೆಯಾದರೂ ನೀರು ತಣ್ಣಗೇ ಇತ್ತು. ಎರಡು ಮನೆಗೂ ಕರೆಂಟ್ ಬರುವುದು ಒಂದೇ ಕಂಬದಿಂದ.

ಬೆಳಗ್ಗೆ ಯಾರನ್ನೋ ಕರೆಸಿ ಕೇಳಿದರು. ದೃಷ್ಟಿ ತಗುಲಿದೆ ಅಂದರು. ಮೀಟರ್ ಬೋರ್ಡಿಗೆ ನಿಂಬೆಹಣ್ಣು, ಹಸಿಮೆಣಸು ಕಟ್ಟಿದ್ದಾಯಿತು. 'ನಮ್ಮನೆ ಕರೆಂಟೆಲ್ಲ ಅವರು ಎಳ್ಕೊಂಡ್ರು' ಎಂದು ಎದುರು ಮನೆಯವರು ಅಂದದ್ದು ಚಿಕ್ಕಪ್ಪನ ಕಿವಿಗೆ ಬಿತ್ತು. ಹಬ್ಬಕ್ಕೆ ಕಡುಬು ಹಂಚಿಕೊಳ್ಳುತ್ತಿದ್ದ ಎರಡು ಮನೆ ಮಾತು ಬಿಟ್ಟವು. ಟಿವಿ ಹೋದದ್ದಕ್ಕಿಂತ ನನಗೆ ಇದೇ ಜಾಸ್ತಿ ನೋವು.

ಮಧ್ಯಾಹ್ನ ಲೈನ್‌ಮ್ಯಾನ್ ಬಂದು ಕಂಬ ಹತ್ತಿದರು. 'ನ್ಯೂಟ್ರಲ್ ಕಟ್ಟಾಗಿದೆ' ಅಂದರು (ಮನೆಗಳಿಂದ ಕರೆಂಟ್ ವಾಪಸು ಹೋಗುವ ತಂತಿ ಅದು), ತಂತಿ ಸೇರಿಸಿದರು, ಹೋದರು. ಎಲ್ಲ ಸರಿಯಾಯಿತು. ಆದರೆ ಸರಿಯಾದದ್ದು ನಿಂಬೆಹಣ್ಣಿನಿಂದ ಎಂದು ನಂಬಿದವರು ನಮ್ಮೂರಲ್ಲಿ ಇವತ್ತಿಗೂ ಇದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆ ರಾತ್ರಿ ಯಾವ ಮನೆಗೆ ಎಷ್ಟು ವೋಲ್ಟ್ ಹೋಯಿತು ಎಂದು ಇವತ್ತು ಕೂತು ಲೆಕ್ಕ ಹಾಕಬಹುದು. ಅದಕ್ಕೆ ಬೇಕಾದದ್ದು ಎರಡು ನಿಯಮ, ಜೊತೆಗೊಂದು ಗುಣಾಕಾರ.

ಮೊದಲನೆಯದು ಕೂಡಿಗೆಯ ನಿಯಮ. ತಂತಿಗಳು ಸೇರುವ ಜಾಗಕ್ಕೆ ಎಷ್ಟು ಕರೆಂಟ್ ಬರುತ್ತದೋ ಅಷ್ಟೇ ಹೊರಗೆ ಹೋಗಬೇಕು. ಗೊರೂರಿನ ಹತ್ತಿರ ಯಗಚಿ ಬಂದು ಹೇಮಾವತಿಯನ್ನು ಸೇರುತ್ತದೆ. ಸೇರಿದ ಮೇಲಿನ ನೀರು ಎರಡು ಹೊಳೆಗಳ ಮೊತ್ತ. ನೀರನ್ನಾದರೆ ಆಣೆಕಟ್ಟು ಕಟ್ಟಿ ತಡೆದಿಟ್ಟುಕೊಳ್ಳಬಹುದು, ಗೊರೂರಿನಲ್ಲಿ ಮಾಡಿರುವುದೂ ಅದನ್ನೇ. ತಂತಿಯ ಕೂಡಿಗೆಯಲ್ಲಿ ಆಣೆಕಟ್ಟಿಲ್ಲ. ಬಂದದ್ದು ಬಂದ ಹಾಗೇ ಹೋಗುತ್ತದೆ. ಬಲ್ಬು ಕರೆಂಟನ್ನು 'ತಿನ್ನುವುದೂ' ಇಲ್ಲ. ಒಂದು ತುದಿಯಲ್ಲಿ ಒಳಗೆ ಹೋದಷ್ಟೇ ಇನ್ನೊಂದು ತುದಿಯಲ್ಲಿ ಹೊರಗೆ ಬರುತ್ತದೆ.

ಎರಡನೆಯದು ಸುತ್ತಿನ ನಿಯಮ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಚಿಕ್ಕಮಗಳೂರಿನಿಂದ ಹೊರಟು ಅದನ್ನು ಹತ್ತಿ, ಬಾಬಾಬುಡನ್‌ಗಿರಿ ಸುತ್ತಿ, ಯಾವ ದಾರಿಯಲ್ಲಾದರೂ ಇಳಿದು ಹೊರಟ ಜಾಗಕ್ಕೇ ಬನ್ನಿ. ಹತ್ತಿದ್ದು, ಇಳಿದದ್ದು ಕೂಡಿ ಕಳೆದರೆ ಸೊನ್ನೆ. ವೋಲ್ಟೇಜ್ ಅಂದರೆ ಇದೇ ಎತ್ತರ. ಟ್ರಾನ್ಸ್‌ಫಾರ್ಮರ್ ಎಷ್ಟು ಎತ್ತರಕ್ಕೆ ಹತ್ತಿಸುತ್ತದೋ ಅಷ್ಟನ್ನೂ ತಂತಿ, ಬಲ್ಬು, ಗೀಸರ್ ಎಲ್ಲ ಸೇರಿ ಇಳಿಸಲೇಬೇಕು. ಒಂದು ವೋಲ್ಟ್ ಕೂಡ ಹೆಚ್ಚುಕಮ್ಮಿ ಆಗುವ ಹಾಗಿಲ್ಲ.

ಯಾವ ಇಳಿಜಾರಿನಲ್ಲಿ ಎಷ್ಟು ಇಳಿಯುತ್ತದೆ? ಅದನ್ನು ಜರ್ಮನಿಯ ವಿಜ್ಞಾನಿ ಓಮ್ 1827ರಲ್ಲೇ ಹೇಳಿದ್ದ. ಕರೆಂಟನ್ನು ರೋಧದಿಂದ, ಅಂದರೆ ಅದರ ಹರಿವಿಗೆ ಸಿಗುವ ತಡೆಯಿಂದ, ಗುಣಿಸಿದರೆ ವೋಲ್ಟೇಜ್. ಅವನ ನಾಡಿನಲ್ಲಿ ಆಗ ಅದಕ್ಕೆ ಬೆಲೆ ಸಿಗಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಮೇಲಿನ ಎರಡು ನಿಯಮ ಇನ್ನೊಬ್ಬ ಜರ್ಮನ್ ವಿಜ್ಞಾನಿ ಕಿರ್ಕಾಫ್‌ನವು. 1845ರಲ್ಲಿ ಅವನ್ನು ಪ್ರಕಟಿಸಿದಾಗ ಅವನಿಗೆ 21 ವರ್ಷ, ಇನ್ನೂ ವಿದ್ಯಾರ್ಥಿ! ಅವನ ಊರು ಕೋನಿಗ್ಸ್‌ಬರ್ಗ್, ಈಗ ರಷ್ಯಾಕ್ಕೆ ಸೇರಿದ ಕಲಿನಿನ್‌ಗ್ರಾಡ್. ನನಗೆ ಪುಳಕ ಆಗುವುದು ಇಲ್ಲಿ. ಆ ಊರಿನ ಹೊಳೆಗೆ ಏಳು ಸೇತುವೆಗಳಿದ್ದವು. ಪ್ರತಿ ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಊರು ಸುತ್ತಬಹುದಾ ಎನ್ನುವುದು ಹಳೆಯ ಒಗಟು. ಆಗುವುದಿಲ್ಲ ಎಂದು 1730ರ ದಶಕದಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದ. ಹಾದಿಗಳ ಬಲೆಯ ಗಣಿತ ಹುಟ್ಟಿದ್ದೇ ಆ ಒಗಟಿನಿಂದ. ಸುಮಾರು ನೂರು ವರ್ಷದ ಮೇಲೆ ಅದೇ ಊರಿನ ಹುಡುಗ ತಂತಿಗಳ ಬಲೆಯನ್ನು ಬಿಡಿಸಿದ. ಎಷ್ಟೇ ಸಿಕ್ಕಾದ ಬಲೆಯಿರಲಿ, ಎಷ್ಟು ಸುತ್ತುಗಳ ಸಮೀಕರಣ ಬರೆದರೆ ಸಾಕು ಎಂಬುದನ್ನೂ 1847ರಲ್ಲಿ ಹೇಳಿಕೊಟ್ಟ.

ಈಗ ನಮ್ಮೂರಿನ ಕಂಬಕ್ಕೆ ಬರೋಣ. ಅದರ ಮೇಲೆ ಕರೆಂಟ್ ತರುವ ಮೂರು ಫೇಸ್ ತಂತಿ, ಮೂರಕ್ಕೂ ಸೇರಿ ಒಂದು ನ್ಯೂಟ್ರಲ್. ಯಾವ ಫೇಸ್‌ನಿಂದ ನ್ಯೂಟ್ರಲ್‌ಗೆ ಅಳೆದರೂ 230 ವೋಲ್ಟ್. ಫೇಸ್‌ನಿಂದ ಫೇಸ್‌ಗೆ 400. ಎರಡು 230 ಸೇರಿದರೆ 460 ಆಗಬೇಕಲ್ವಾ? ಒಂದೇ ಒರಳಿಗೆ ಮೂವರು ಒನಕೆ ಹಾಕಿ ಕುಟ್ಟುವುದನ್ನು ನೆನಪಿಸಿಕೊಳ್ಳಿ. ಒಬ್ಬರ ಒನಕೆ ಏರುವಾಗ ಇನ್ನೊಬ್ಬರದು ಇಳಿಯುತ್ತಿರುತ್ತದೆ, ಆದರೆ ಪೂರ್ತಿ ಎದುರುಬದುರಾಗಿ ಅಲ್ಲ. ಫೇಸ್‌ಗಳೂ ಹೀಗೇ ಸರದಿಯಲ್ಲಿ ಏರಿಳಿಯುತ್ತವೆ. ಅದಕ್ಕೇ 460 ಆಗದೆ 400ಕ್ಕೆ ನಿಲ್ಲುತ್ತದೆ.

ಚಿಕ್ಕಪ್ಪನ ಮನೆ ಒಂದು ಫೇಸ್‌ನಲ್ಲಿ, ಎದುರು ಮನೆ ಇನ್ನೊಂದರಲ್ಲಿ. ಮೂರನೇ ಫೇಸ್‌ನ ಮನೆಯವರು ಊರಲ್ಲಿರಲಿಲ್ಲ, ಮೇನ್ ಆಫ್ ಮಾಡಿ ಹೋಗಿದ್ದರು. ನ್ಯೂಟ್ರಲ್ ಗಟ್ಟಿಯಾಗಿದ್ದಾಗ ಇವರ ಪಾಡು ಇವರಿಗೆ, ಅವರ ಪಾಡು ಅವರಿಗೆ. ಅದು ಕಂಬದಲ್ಲಿ ತುಂಡಾದ ಕೂಡಲೇ ಚಿತ್ರವೇ ಬದಲಾಯಿತು. ಎದುರು ಮನೆಯ ಗೀಸರ್ ದಾಟಿ ಬಂದ ಕರೆಂಟಿಗೆ ವಾಪಸು ಹೋಗಲು ಉಳಿದ ದಾರಿ ಚಿಕ್ಕಪ್ಪನ ಮನೆಯ ಟಿವಿ ಮತ್ತು ಬಲ್ಬು ಮಾತ್ರ. ಎರಡು ಮನೆ ಒಂದೇ ಸರಕ್ಕೆ ಪೋಣಿಸಿದ ಮಣಿಗಳಾದವು. ಸರದ ಎರಡು ತುದಿಗೆ 400 ವೋಲ್ಟ್.

ಎದುರು ಮನೆಯಲ್ಲಿ ಗೀಸರ್ ಎಲ್ಲ ಸೇರಿ 2,000 ವಾಟ್ ಎನ್ನಿ. ರೋಧ ಎಂದರೆ 230ರ ವರ್ಗವನ್ನು ವಾಟ್‌ನಿಂದ ಭಾಗಿಸಿದ್ದು: 26.45 ಓಮ್. ಚಿಕ್ಕಪ್ಪನ ಮನೆಯದು 200 ವಾಟ್, ಹಾಗಾಗಿ 264.5 ಓಮ್. (ಟಿವಿಯನ್ನೂ ಬರೀ ರೋಧ ಎಂದೇ ಹಿಡಿದಿದ್ದೇನೆ, ಲೆಕ್ಕ ಸುಲಭವಾಗಲಿ ಎಂದು.) ಗೊತ್ತಿಲ್ಲದ್ದು ಒಂದೇ, ಕರೆಂಟ್. ಸುತ್ತಿನ ನಿಯಮ ಹಾಕಿ: ಕರೆಂಟ್ × (26.45 + 264.5) = 400. ಉತ್ತರ ಸುಮಾರು 1.37 ಆಂಪಿಯರ್. ಅದನ್ನು ಎರಡೂ ರೋಧಗಳಿಂದ ಗುಣಿಸಿದರೆ ಎದುರು ಮನೆಗೆ 36 ವೋಲ್ಟ್, ಚಿಕ್ಕಪ್ಪನ ಮನೆಗೆ 364!

230ಕ್ಕೆ ಅಂತ ಮಾಡಿದ ಟಿವಿ 364 ತಡೆಯುತ್ತದಾ? ಗೀಸರ್‌ಗೆ ಸಿಕ್ಕಿದ್ದು 36 × 1.37, ಅಂದರೆ ಸುಮಾರು 50 ವಾಟ್, ಅದರಲ್ಲಿ ನೀರು ಹೇಗೆ ಕಾಯಬೇಕು? 'ಅವರು ಎಳ್ಕೊಂಡ್ರು' ಎಂಬ ಮಾತು ಎಷ್ಟು ತಪ್ಪು ನೋಡಿ. ಆ ರಾತ್ರಿ ಎರಡು ಮನೆಯಲ್ಲೂ ಹರಿದದ್ದು ಒಂದೇ 1.37 ಆಂಪಿಯರ್, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಹಂಚಿಕೆ ಏರುಪೇರಾದದ್ದು ವೋಲ್ಟೇಜ್ ಮಾತ್ರ, ಅದೂ ರೋಧ ಜಾಸ್ತಿ ಇದ್ದ ಕಡೆಗೆ. ಅಂದರೆ ನ್ಯೂಟ್ರಲ್ ಸರಿಯಿದ್ದಾಗ ಕಡಿಮೆ ಕರೆಂಟ್ ಬಳಸುತ್ತಿದ್ದ ಮನೆಗೇ ಏಟು ಬಿತ್ತು.

ನಿಮ್ಮ ಮನೆಯಲ್ಲಿ ಬಲ್ಬು ವಿಪರೀತ ಬೆಳಗಿ ಪಕ್ಕದ ಮನೆಯಲ್ಲಿ ಮಂಕಾದರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಲೈನ್‌ಮ್ಯಾನ್‌ಗೆ ಫೋನ್ ಮಾಡಿ. ಸುಮ್ನೆ ಸ್ವಿಚ್ಚು ಒತ್ತಿ ನೋಡುತ್ತಾ ಕೂರಬೇಡಿ.

ಕಳೆದ ತಿಂಗಳು ಈ ಲೆಕ್ಕವನ್ನು ಚಿಕ್ಕಪ್ಪನ ಮುಂದೆ ಹಾಳೆಯಲ್ಲಿ ಬರೆದು ತೋರಿಸಿದೆ. ಎದುರು ಮನೆಯ ಅಣ್ಣನೂ ಬಂದು ಕೂತಿದ್ದರು. ಅವರೇ ಕೇಳಿದರು: 'ಆ ಹೊತ್ತಲ್ಲಿ ಇವ್ರೂ ಗೀಸರ್ ಹಾಕಿದ್ದಿದ್ರೆ?' ನನಗೆ ಹೊಳೆಯದ ಪ್ರಶ್ನೆ. ಇಬ್ಬರೂ ಹಾಳೆಯ ಮೇಲೆ ಬಗ್ಗಿದರು. ಚಿಕ್ಕಪ್ಪನ ಮನೆಯದು 2,200 ವಾಟ್ ಆಗುತ್ತದೆ, ರೋಧ 24 ಓಮ್‌ಗೆ ಇಳಿಯುತ್ತದೆ. ಎದುರು ಮನೆಗೆ 210 ವೋಲ್ಟ್, ಚಿಕ್ಕಪ್ಪನ ಮನೆಗೆ 190. ಟಿವಿ ಉಳಿಯುತ್ತಿತ್ತು.