ಸರ್ಟಿಫೈಡ್ ವರ್ಷನ್ ಅಂದರೆ ಏನು? ಹಳೇ ಸಾಫ್ಟ್‌ವೇರ್ ಹಾಗೇ ಉಳಿಯುವುದು ಯಾಕೆ?

ಆಸ್ಪತ್ರೆಯ ಲ್ಯಾಬಿನಲ್ಲೋ ಕಾರ್ಖಾನೆಯಲ್ಲೋ ಹಳೇ ವಿಂಡೋಸ್ ಓಡುತ್ತಿರುವುದನ್ನು ನೋಡಿ ‘ಯಾಕೆ ಇನ್ನೂ ಅಪ್‌ಡೇಟ್ ಮಾಡಿಲ್ಲ?’ ಅಂತ ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. ‘ಕಂಪನಿಯವರು ಬೇಡ ಅಂದಿದ್ದಾರೆ ಸಾರ್. ಇದೇ ಸರ್ಟಿಫೈಡ್ ವರ್ಷನ್.’ ಕೇಳಿದವರಿಗೆ ಇದು ಸೋಮಾರಿತನದ ನೆಪ ಅನ್ನಿಸುತ್ತದೆ. ಎಷ್ಟೋ ಸಲ ಅದು ನಿಜವಾದ ಕಟ್ಟುಪಾಡು.

ಯಾವ ಸಾಫ್ಟ್‌ವೇರೂ ಒಂಟಿಯಾಗಿ ಓಡುವುದಿಲ್ಲ. ಆಸ್ಪತ್ರೆಯ ಬಿಲ್ಲಿಂಗ್ ಸಾಫ್ಟ್‌ವೇರನ್ನೇ ತೆಗೆದುಕೊಳ್ಳಿ. ಅದರ ಕೆಳಗೆ ಡೇಟಾಬೇಸ್, ಅದರ ಕೆಳಗೆ ಆಪರೇಟಿಂಗ್ ಸಿಸ್ಟಂ, ಪಕ್ಕದಲ್ಲಿ ಜಾವಾ, ಬ್ರೌಸರ್, ಪ್ರಿಂಟರ್ ಡ್ರೈವರ್. ಒಂದೊಂದೂ ಒಂದೊಂದು ಕಂಪನಿಯದು. ಬಿಲ್ಲಿಂಗ್ ಸಾಫ್ಟ್‌ವೇರ್ ಮಾರಿದವರು ಇವುಗಳ ಕೆಲವೇ ವರ್ಷನ್‌ಗಳನ್ನು ಜೋಡಿಸಿ ಟೆಸ್ಟ್ ಮಾಡಿರುತ್ತಾರೆ. ‘ಈ ಜೋಡಣೆಯಲ್ಲಿ ನಮ್ಮದು ಸರಿಯಾಗಿ ಓಡುತ್ತದೆ, ಕೆಟ್ಟರೆ ನಾವು ಬಂದು ನೋಡುತ್ತೇವೆ’ ಅಂತ ಬರೆದುಕೊಡುತ್ತಾರೆ. ಇದೇ ವೆಂಡರ್ ಸರ್ಟಿಫಿಕೇಷನ್. ಯಾವುದರ ಜೊತೆ ಯಾವುದು ನಡೆಯುತ್ತದೆ ಅನ್ನುವ ಪಟ್ಟಿಗೆ ಸಪೋರ್ಟ್ ಮ್ಯಾಟ್ರಿಕ್ಸ್ ಅನ್ನುತ್ತಾರೆ. ಒರಾಕಲ್, ಸ್ಯಾಪ್‌ನಂಥ ದೊಡ್ಡ ಕಂಪನಿಗಳು ಈ ಪಟ್ಟಿಯನ್ನು ಗ್ರಾಹಕರಿಗಾಗಿ ಆನ್‌ಲೈನಿನಲ್ಲೇ ಇಟ್ಟಿರುತ್ತವೆ. ಸಣ್ಣ ಕಂಪನಿಯಾದರೆ ಒಂದು ಪಿಡಿಎಫ್. ಇನ್ನೂ ಸಣ್ಣದಾದರೆ ಸರ್ವಿಸ್ ಇಂಜಿನಿಯರ್ ಬಾಯಿಮಾತು.

ಪಟ್ಟಿಯಲ್ಲಿ ಇಲ್ಲದ ವರ್ಷನ್ ಓಡುವುದೇ ಇಲ್ಲ ಅಂತೇನಿಲ್ಲ. ಚೆನ್ನಾಗಿಯೇ ಓಡಬಹುದು. ಕೆಟ್ಟಾಗ ಮಾತ್ರ ಕೇಳುವವರಿರುವುದಿಲ್ಲ. ಮದುವೆ ಅಡುಗೆಗೆ ಒಪ್ಪಿಕೊಂಡ ಭಟ್ಟರು ‘ಸಾಮಾನು ನಾನು ಹೇಳಿದ ಅಂಗಡಿಯಿಂದಲೇ ತನ್ನಿ, ಬೇರೆ ಕಡೆ ತಂದರೆ ರುಚಿಗೆ ನಾನು ಜವಾಬ್ದಾರನಲ್ಲ’ ಅಂತಾರಲ್ಲ, ಹಾಗೆ.

ಹಾಗಾದರೆ ಹೊಸ ವರ್ಷನ್ ಬಂದ ತಕ್ಷಣ ವೆಂಡರ್ ಟೆಸ್ಟ್ ಮಾಡಿಕೊಡಬಹುದಲ್ವಾ? ಅದಕ್ಕೆ ದುಡ್ಡು, ಜನ, ಸಮಯ ಬೇಕು. ಮೆಷಿನ್ ಒಂದು ಸಲ ಮಾರಿಯಾಗಿದೆ. ಹೊಸ ವಿಂಡೋಸಿನ ಮೇಲೆ ಮತ್ತೆ ಟೆಸ್ಟ್ ಮಾಡಿದರೆ ಹೆಚ್ಚಿಗೆ ಏನೂ ಸಿಗುವುದಿಲ್ಲ. ವೈದ್ಯಕೀಯ ಉಪಕರಣಗಳಲ್ಲಿ ಕಾನೂನೂ ಸೇರಿಕೊಳ್ಳುತ್ತದೆ. ನಮ್ಮಲ್ಲಿ 2017ರ ವೈದ್ಯಕೀಯ ಉಪಕರಣ ನಿಯಮಗಳಿವೆ. 2020ರ ಏಪ್ರಿಲ್ 1ರಿಂದ ‘ವೈದ್ಯಕೀಯ ಉಪಕರಣ’ ಅನ್ನುವ ವ್ಯಾಖ್ಯೆಯೊಳಗೆ ಸಾಫ್ಟ್‌ವೇರೂ ಬಂದಿದೆ. ರಕ್ತಪರೀಕ್ಷೆಯ ಮೆಷಿನ್ ಕೊಡುವ ಒಂದು ಅಂಕಿ ನೋಡಿ ಡಾಕ್ಟರು ಔಷಧಿ ಬರೆಯುತ್ತಾರೆ. ಅದರ ಕಂಪ್ಯೂಟರಿನಲ್ಲಿ ಏನು ಬದಲಾದರೂ ಆ ಅಂಕಿ ಮೊದಲಿನಷ್ಟೇ ಸರಿ ಇದೆ ಅಂತ ತೋರಿಸಬೇಕು. ಈ ಎಚ್ಚರಿಕೆ ಇರಲೇಬೇಕು, ನನಗೆ ಅದರಲ್ಲಿ ಅನುಮಾನವಿಲ್ಲ.

ಆದರೆ ಆಯುಷ್ಯದ ಲೆಕ್ಕ ಹೊಂದುವುದಿಲ್ಲ. ವಿಂಡೋಸ್ ಎಕ್ಸ್‌ಪಿ 2001ರ ಅಕ್ಟೋಬರಿನಲ್ಲಿ ಬಂತು, 2014ರ ಏಪ್ರಿಲ್ 8ಕ್ಕೆ ಅದರ ಸಪೋರ್ಟ್, ಅಂದರೆ ಮೈಕ್ರೋಸಾಫ್ಟ್ ರಿಪೇರಿ ಕೊಡುವುದು, ನಿಂತಿತು. ವಿಂಡೋಸ್ 7ಕ್ಕೆ 2020ರ ಜನವರಿ 14 ಕೊನೆ ದಿನ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಸುಮಾರು ಹತ್ತು ಹನ್ನೆರಡು ವರ್ಷದ ಬಾಳಿಕೆ. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಒಳ್ಳೇ ಸಿಎನ್‌ಸಿ ಮೆಷಿನ್ ಇಪ್ಪತ್ತು ವರ್ಷ ದುಡಿಯುತ್ತದೆ.

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ, ಹೂಟಗಳ್ಳಿ ಕಡೆಯ ಮೆಷಿನ್ ಶಾಪ್‌ಗಳಲ್ಲಿ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಸೀಮೆನ್ಸ್‌ನ ಸಿನುಮೆರಿಕ್ 840ಡಿ ಕಂಟ್ರೋಲರ್ ಇರುವ ಎಷ್ಟೋ ಹಳೇ ಮೆಷಿನ್‌ಗಳ ಒಳಗಿನ ಕಂಪ್ಯೂಟರ್ ಓಡುವುದು ವಿಂಡೋಸ್ ಎಕ್ಸ್‌ಪಿ ಮೇಲೆ. ಅದರ ಮುಂದೆ ನಿಂತರೆ ಕೂಲೆಂಟ್ ಎಣ್ಣೆ ಅಂಟಿದ ಕೀಲಿಗಳು, ಮಂಕಾದ ಪರದೆ. ಪ್ರೋಗ್ರಾಂ ಹಾಕಲು ಒಂದು ಪೆನ್‌ಡ್ರೈವ್. ಅದೇ ಪೆನ್‌ಡ್ರೈವ್ ಆಫೀಸಿನ ಕಂಪ್ಯೂಟರಿಗೂ ಹೋಗುತ್ತದೆ, ಆಪರೇಟರ್ ಲ್ಯಾಪ್‌ಟಾಪಿಗೂ ಹೋಗುತ್ತದೆ. ಲ್ಯಾನ್ ವೈರ್ ಕಿತ್ತಿದ್ದೇವೆ, ಇನ್ನು ವೈರಸ್ ಬರಲ್ಲ ಅನ್ನುವ ಧೈರ್ಯ ಇಲ್ಲೇ ಕೈಕೊಡುವುದು. ಮೆಷಿನ್ ಮಾತ್ರ ಇವತ್ತಿಗೂ ಲೆಕ್ಕ ತಪ್ಪದೆ ಕೊರೆಯುತ್ತಿರುತ್ತದೆ. ಅದನ್ನು ಎಸೆಯಿರಿ ಅಂತ ಆ ಶಾಪಿನ ಮಾಲೀಕರಿಗೆ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ.

‘ಅಪ್‌ಡೇಟ್ ಬೇಡ’ ಅನ್ನುವ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ವರ್ಷನ್ ಬದಲಿಸುವುದು ಒಂದು, ಅದೇ ವರ್ಷನ್‌ಗೆ ಸೆಕ್ಯುರಿಟಿ ಪ್ಯಾಚ್, ಅಂದರೆ ವೈರಸ್ ನುಗ್ಗುವ ತೂತಿಗೆ ತೇಪೆ, ಹಾಕುವುದು ಇನ್ನೊಂದು. ವಿಂಡೋಸ್ 7ರಿಂದ 10ಕ್ಕೆ ಹೋಗುವುದು ದೊಡ್ಡ ಬದಲಾವಣೆ. ವಿಂಡೋಸ್ 7ರಲ್ಲೇ ಇದ್ದು ಒಂದು ತೂತು ಮುಚ್ಚುವುದು ಸಣ್ಣ ರಿಪೇರಿ. ‘ಸರ್ಟಿಫೈಡ್ ವರ್ಷನ್, ಮುಟ್ಟಬೇಡಿ’ ಅಂದಾಗ ಎಷ್ಟೋ ಕಡೆ ಎರಡೂ ನಿಂತುಹೋಗುತ್ತವೆ.

ಹೀಗೆ ಪ್ಯಾಚ್ ನಿಂತರೆ ಏನಾಗುತ್ತದೆ ಅನ್ನುವುದನ್ನು 2017ರ ಮೇ 12ರಂದು ಜಗತ್ತೇ ನೋಡಿತು. ಕಂಪ್ಯೂಟರಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಿಗೆ ನುಗ್ಗಿತು. ಇಂಗ್ಲೆಂಡಿನ 236 ಆಸ್ಪತ್ರೆ ಟ್ರಸ್ಟ್‌ಗಳಲ್ಲಿ ಕನಿಷ್ಠ 80ಕ್ಕೆ ಪೆಟ್ಟು ಬಿತ್ತು, ಸಾವಿರಾರು ರೋಗಿಗಳ ಅಪಾಯಿಂಟ್‌ಮೆಂಟ್ ರದ್ದಾದವು. ಎಲ್ಲರೂ ಎಕ್ಸ್‌ಪಿಯನ್ನು ಬೈದರು. ಆದರೆ ಅಲ್ಲಿ ಸಿಕ್ಕಿಬಿದ್ದ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ಆಗ ಸಪೋರ್ಟ್ ಇದ್ದ ವಿಂಡೋಸ್ 7. ಆ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪ್ಯಾಚ್ ಕೊಟ್ಟಿತ್ತು. ಹಾಕಿರಲಿಲ್ಲ, ಅಷ್ಟೇ. ಮುಂದಿನ ವರ್ಷ ಆಗಸ್ಟಿನಲ್ಲಿ ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿಯ ಕಾರ್ಖಾನೆಗಳು ಅದೇ ವೈರಸ್ಸಿನ ಇನ್ನೊಂದು ರೂಪದಿಂದ ನಿಂತವು. ಅಲ್ಲೂ ಪ್ಯಾಚ್ ಇಲ್ಲದ ವಿಂಡೋಸ್ 7.

ವರ್ಷನ್ ಬದಲಿಸದೆ ತೂತು ಮುಚ್ಚುವುದು ಆಗದ ಕೆಲಸವೇನಲ್ಲ. 2014ರ ಏಪ್ರಿಲಿನಲ್ಲಿ, ಇಂಟರ್ನೆಟ್ಟಿನ ಮಾಹಿತಿಯನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್‌ ಸಾಫ್ಟ್‌ವೇರಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ದೋಷ ಬಯಲಾಯಿತು. ಮೂಲ ತಂಡ ಅದನ್ನು 1.0.1ಜಿ ವರ್ಷನ್‌ನಲ್ಲಿ ಸರಿಮಾಡಿತು. ರೆಡ್‌ಹ್ಯಾಟ್ ಕಂಪನಿ ತನ್ನ ಗ್ರಾಹಕರಿಗೆ ಹೊಸ ವರ್ಷನ್ ಕೊಡಲಿಲ್ಲ. ಅವರಲ್ಲಿದ್ದ 1.0.1ಇ ವರ್ಷನ್‌ಗೇ ಆ ರಿಪೇರಿಯನ್ನು ಹಾಕಿಕೊಟ್ಟಿತು. ಇದಕ್ಕೆ ಬ್ಯಾಕ್‌ಪೋರ್ಟ್ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ವರ್ಷನ್ ನಂಬರ್ ಹಳೇದು, ಒಳಗೆ ತೂತು ಇಲ್ಲ. ಹಾಗಾಗಿ ಬರೀ ನಂಬರ್ ನೋಡಿ ‘ಔಟ್‌ಡೇಟೆಡ್’ ಅಂತ ರಿಪೋರ್ಟ್ ಬರೆಯುವ ಆಡಿಟರ್‌ಗಳೂ ಸ್ವಲ್ಪ ನಿಂತು ನೋಡಬೇಕು.

ಔಷಧಿ, ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ಬರೀ ಸೈಬರ್ ಸುರಕ್ಷತೆಗಾಗಿ ಮಾಡುವ ಪ್ಯಾಚಿಗೆ ಸಾಮಾನ್ಯವಾಗಿ ಹೊಸದಾಗಿ ತನ್ನ ಅನುಮತಿ ಬೇಕಿಲ್ಲ ಅಂತ ಹೇಳಿದೆ. 2023ರ ಮಾರ್ಚಿನಿಂದ, ಇಂಟರ್ನೆಟ್ಟಿಗೆ ಸೇರಬಲ್ಲ ಹೊಸ ಉಪಕರಣಗಳ ಅರ್ಜಿಯಲ್ಲೇ ಪ್ಯಾಚ್ ಹೇಗೆ ಕೊಡುತ್ತೀರಿ ಅನ್ನುವ ಯೋಜನೆ ತೋರಿಸಬೇಕು. ಅಂದರೆ ‘ಕಾನೂನು ಬಿಡಲ್ಲ’ ಅನ್ನುವ ಮಾತನ್ನು ಕೇಳಿದ ಕೂಡಲೇ ನಂಬಬೇಕಿಲ್ಲ.

ನನ್ನ ಸಿಟ್ಟು ಇರುವುದು ಇಲ್ಲಿ. ಮಂಡ್ಯದಂಥ ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಫೋನ್ ಮಾಡಿ ‘ಸಾರ್, ಈ ಪ್ಯಾಚ್ ಹಾಕಬಹುದಾ?’ ಅಂತ ಕೇಳುತ್ತಾನೆ. ‘ಹಾಕಿದರೆ ಎಎಂಸಿ ಕ್ಯಾನ್ಸಲ್ ಆಗುತ್ತಪ್ಪ’ ಅನ್ನುತ್ತಾರೆ ಆ ಕಡೆಯ ವೆಂಡರ್. ಎಎಂಸಿ ಅಂದರೆ ವರ್ಷದ ನಿರ್ವಹಣೆಯ ಒಪ್ಪಂದ. ಬರೆದು ಕೊಡಿ ಅಂದರೆ ಬರೆಯುವುದಿಲ್ಲ. ನಾಳೆ ವೈರಸ್ ಬಂದರೆ ಬೈಗುಳ ಆ ಹುಡುಗನಿಗೆ. ಸಪೋರ್ಟಿನ ದುಡ್ಡು ತೆಗೆದುಕೊಂಡವರು ಅದರ ಭಾರವನ್ನೂ ಹೊರಬೇಕು. ಮೆಷಿನ್ ಕೊಳ್ಳುವಾಗಲೇ, ಇಲ್ಲವೇ ಎಎಂಸಿ ನವೀಕರಿಸುವಾಗ ಕೇಳಿ: ಸೆಕ್ಯುರಿಟಿ ಪ್ಯಾಚ್ ಬಂದ ಎಷ್ಟು ದಿನದೊಳಗೆ ಟೆಸ್ಟ್ ಮಾಡಿ ಹೇಳುತ್ತೀರಿ? ಆಪರೇಟಿಂಗ್ ಸಿಸ್ಟಂಗೆ ಸಪೋರ್ಟ್ ನಿಂತ ಮೇಲೆ ಏನು, ಅಪ್‌ಗ್ರೇಡ್ ಖರ್ಚು ಯಾರದು? ಉತ್ತರ ಕಾಗದದಲ್ಲಿ ಬರಲಿ.

ಪ್ಯಾಚೇ ಸಿಗದ ಹಳೇ ಮೆಷಿನ್‌ಗಳನ್ನು ಬೇರೆ ನೆಟ್‌ವರ್ಕಿನಲ್ಲಿಡಿ. ಅದಕ್ಕೇ ಅಂತ ಒಂದು ಪೆನ್‌ಡ್ರೈವ್ ಇಟ್ಟು ಪ್ರತಿ ಸಲ ಸ್ಕ್ಯಾನ್ ಮಾಡಿ. ಹಾರ್ಡ್‌ಡಿಸ್ಕಿನ ಪೂರ್ತಿ ಇಮೇಜ್, ಅಂದರೆ ಇದ್ದ ಹಾಗೇ ನಕಲು, ತೆಗೆದು ಬೇರೆ ಕಡೆ ಇಡಿ.

ವಿಂಡೋಸ್ 10 ಇರುವ ಮೆಷಿನ್ ಆದರೆ ಗಾಬರಿಯಾಗುವ ಮೊದಲು ರನ್ ಬಾಕ್ಸಿನಲ್ಲಿ (ವಿಂಡೋಸ್ ಕೀಲಿ ಮತ್ತು R ಒತ್ತಿದರೆ ಬರುತ್ತದೆ) winver ಅಂತ ಟೈಪ್ ಮಾಡಿ ಎಡಿಷನ್ ಹೆಸರು ನೋಡಿ. ಉಪಕರಣಗಳಿಗೆಂದೇ ಬರುವ ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ ಎಡಿಷನ್ ಇದ್ದರೆ 2019ರದಕ್ಕೆ 2029ರ ಜನವರಿವರೆಗೆ, 2021ರದಕ್ಕೆ 2032ರ ಜನವರಿವರೆಗೆ ಮೈಕ್ರೋಸಾಫ್ಟ್ ಪ್ಯಾಚ್ ಕೊಡುತ್ತದೆ. ಅದನ್ನು ಹಾಕಿಸಿಕೊಡುವ ಕೆಲಸ ವೆಂಡರ್‌ನದು.