ಪೈಪು ಖಾಲಿಯಾದಾಗ ಒಳಗೆ ಏನು ಹೋಗುತ್ತದೆ?

ನೀರು ಮಾನವ ಹಕ್ಕು ಅಂದರೆ ಸಾಕು, "ಹಾಗಾದ್ರೆ ಪುಕ್ಕಟೆ ಕೊಡ್ಬೇಕಾ?" ಅಂತ ಶುರುವಾಗುತ್ತದೆ. ಇಲ್ಲ. 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಈ ಹಕ್ಕನ್ನು ಒಪ್ಪಿತು. ಪರವಾಗಿ 122 ದೇಶ, ತಟಸ್ಥ 41, ವಿರೋಧ ಒಂದೂ ಇಲ್ಲ. ಸಾಕಷ್ಟು ನೀರು, ಚೊಕ್ಕ ನೀರು, ಬಡವರಿಗೂ ಎಟುಕುವ ಬೆಲೆ, ಇಷ್ಟು ಅದರ ಸಾರ. ಬೆಲೆಯ ಬಗ್ಗೆ ಎಲ್ಲರೂ ಜಗಳ ಆಡುತ್ತಾರೆ, ಚೊಕ್ಕ ಅನ್ನೋದನ್ನು ಮರೆತೇಬಿಡುತ್ತಾರೆ.

"ದಿನಕ್ಕೆ ಎರಡು ಗಂಟೆ ಬಿಟ್ಟರೆ ನೀರು ಉಳಿಯುತ್ತೆ" ಅನ್ನುವ ನಂಬಿಕೆ ಇದೆಯಲ್ಲ, ಅದು ನನಗೆ ತಡೆಯಲಾಗದ ಸಿಟ್ಟು ತರಿಸುತ್ತದೆ. ನೆಲದಡಿಯ ಯಾವ ಪೈಪೂ ಪೂರ್ತಿ ಗಟ್ಟಿ ಇರುವುದಿಲ್ಲ. ಜಾಯಿಂಟು ಸಡಿಲ, ಅಲ್ಲಲ್ಲಿ ತುಕ್ಕು, ಸಣ್ಣ ತೂತು. ಒಳಗೆ ಒತ್ತಡ ಇರುವವರೆಗೆ ತೂತಿನಿಂದ ನೀರು ಹೊರಗೆ ಸೋರುತ್ತದೆ. ನಷ್ಟ ಹೌದು, ಆದರೆ ಹೊರಗಿನ ಕೊಳೆ ಒಳಗೆ ಬರುವುದಿಲ್ಲ. ವಾಲ್ವ್ ಮುಚ್ಚಿದಿರಿ ಅನ್ನಿ. ಪೈಪಿನಲ್ಲಿ ಉಳಿದ ನೀರು ತಗ್ಗಿನ ಕಡೆ ಇಳಿಯುತ್ತದೆ, ಎತ್ತರದ ಭಾಗದಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗುತ್ತದೆ. ಆಗ ಅದೇ ತೂತು ಸ್ಟ್ರಾ ತರ ಹೀರಲು ಶುರುಮಾಡುತ್ತದೆ. ಪಕ್ಕದಲ್ಲಿ ಒಡೆದ ಚರಂಡಿ ಪೈಪಿದ್ದರೆ ಆ ನೀರೇ ಒಳಗೆ. ಯಾರಾದರೂ ಲೈನಿಗೇ ಮೋಟರ್ ಹಾಕಿದ್ದರಂತೂ ಎಳೆತ ಇನ್ನೂ ಜಾಸ್ತಿ. ಶುದ್ಧೀಕರಣ ಘಟಕದಲ್ಲಿ ಎಷ್ಟೇ ಕ್ಲೋರಿನ್ ಹಾಕಿದರೂ ಮರುದಿನ ನಲ್ಲಿಯಲ್ಲಿ ಮೊದಲು ಬರುವುದು ಕಂದು ನೀರು. ಉಳಿತಾಯವೂ ಸುಳ್ಳೇ. ಹೊಸ ನೀರು ಬಂತೆಂದು ನಿನ್ನೆ ತುಂಬಿಟ್ಟಿದ್ದನ್ನು ಚೆಲ್ಲುತ್ತಾರೆ, ನೀರು ಯಾವಾಗ ಬರುತ್ತೋ ಗೊತ್ತಿಲ್ಲದೆ ನಲ್ಲಿ ತೆರೆದೇ ಇಡುತ್ತಾರೆ.

ಸುಧಾರಣೆ ಅಂದರೆ ಸುಮ್ನೆ ಖಾಸಗಿಯವರಿಗೆ ಕೊಡುವುದು ಅಂತ ತಿಳಿದವರು ಬೊಲಿವಿಯಾದ ಕೋಚಬಂಬ ನೋಡಬೇಕು. ಅಲ್ಲಿ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟು ದರ ಏರಿಸಿದರು, ಜನ ಬೀದಿಗಿಳಿದರು, 2000ದ ಏಪ್ರಿಲ್‌ನಲ್ಲಿ ಗುತ್ತಿಗೆಯೇ ರದ್ದಾಯಿತು. ಮುಂದೆ ವಿಶ್ವಸಂಸ್ಥೆಯಲ್ಲಿ ನೀರಿನ ಹಕ್ಕಿನ ನಿರ್ಣಯ ಮಂಡಿಸಿದ್ದೂ ಬೊಲಿವಿಯಾವೇ.

ನನಗೆ ಇಷ್ಟವಾಗುವುದು ಕಾಂಬೋಡಿಯಾದ ನೋಮ್ ಪೆನ್ ಕಥೆ. 1993ರಲ್ಲಿ ಎಕ್ ಸೋನ್ ಚಾನ್ ಅಲ್ಲಿನ ಸರ್ಕಾರಿ ನೀರು ಸಂಸ್ಥೆಯ ಹೊಣೆ ಹೊತ್ತಾಗ ಯುದ್ಧದಿಂದ ಊರೇ ಜರ್ಜರಿತ. ನೀರು ಬರುತ್ತಿದ್ದದ್ದು ದಿನಕ್ಕೆ ಹತ್ತು ಗಂಟೆ, ಅದೂ ಐದರಲ್ಲಿ ಒಂದು ಪಾಲು ಜನರಿಗೆ. ಪಂಪ್ ಮಾಡಿದ ನೀರಿನಲ್ಲಿ ಸುಮಾರು 72% ಸೋರಿಕೆ, ಕಳ್ಳತನ, ಬಿಲ್ಲಿಲ್ಲದ ಬಳಕೆಗೇ ಹೋಗುತ್ತಿತ್ತು. ಅವರು ಹಳೆಯ ಪೈಪು ಬದಲಿಸಿದರು, ಕದ್ದ ಸಂಪರ್ಕ ಕಿತ್ತರು, ಎಲ್ಲರಿಗೂ ಮೀಟರ್ ಹಾಕಿದರು. ಮೀಟರ್ ಹಾಕಲು ಹೋದಾಗ ಸೇನಾಧಿಕಾರಿಯೊಬ್ಬ ಅವರ ತಲೆಗೇ ಪಿಸ್ತೂಲು ಹಿಡಿದನಂತೆ. ಅವರು ಮಿಲಿಟರಿ ಪೊಲೀಸರನ್ನು ಕರೆದುಕೊಂಡು ಮತ್ತೆ ಹೋದರು. ಬಡವರಿಗೆ ಸಂಪರ್ಕದ ಖರ್ಚಿನಲ್ಲಿ ರಿಯಾಯಿತಿ, ಕಂತಿನಲ್ಲಿ ಕಟ್ಟುವ ಅವಕಾಶ ಕೊಟ್ಟರು. ಮೊದಲು ಬಿಡಿಯಾಗಿ ನೀರು ಮಾರುವವರಿಗೆ ದುಬಾರಿ ದುಡ್ಡು ಕೊಡುತ್ತಿದ್ದವರು ಇವರೇ. ನಷ್ಟ ಕೊನೆಗೆ 6%ರ ಆಸುಪಾಸಿಗೆ ಇಳಿಯಿತು, ಪೈಪುಗಳಲ್ಲಿ ದಿನದ 24 ಗಂಟೆಯೂ ಒತ್ತಡ ನಿಂತಿತು, ಸಂಸ್ಥೆ ಮಾತ್ರ ಸರ್ಕಾರದ ಕೈಯಲ್ಲೇ ಉಳಿಯಿತು.