ಮುಳ್ಳು ಕೆಂಪಿಗೆ ಹೋಗುವ ಮೊದಲು: ಎಂಜಿನ್ ಓವರ್‌ಹೀಟ್ ಗುರುತಿಸುವ ಬಗೆ

'ಎಂಜಿನ್ ಓವರ್‌ಹೀಟ್ ಆದದ್ದು ಹೇಗೆ ಗೊತ್ತಾಗುತ್ತದೆ?' ಅಂತ ಪರೀಕ್ಷೆಯಲ್ಲಿ ಕೇಳಿದರೆ ನಾವೆಲ್ಲ ಬರೆಯುವುದು ಎರಡೇ ಉತ್ತರ: ಟೆಂಪರೇಚರ್ ಮುಳ್ಳು ಕೆಂಪಿಗೆ ಏರುತ್ತದೆ, ಬಾನೆಟ್‌ನಿಂದ ಹಬೆ ಬರುತ್ತದೆ. ಅಂಕ ಸಿಗುತ್ತದೆ, ಸರಿ. ಆದರೆ ಹಬೆ ಏಳುವ ಹೊತ್ತಿಗೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಹೋಗಿಯೇ ಬಿಟ್ಟಿರಬಹುದು. ಅದಕ್ಕೂ ಮೊದಲು ಗಾಡಿ ಏನೇನು ಹೇಳುತ್ತದೆ ಅನ್ನುವುದು ಇಲ್ಲಿ ಮುಖ್ಯ.

ಮೊದಲು ಸ್ವಲ್ಪ ಲೆಕ್ಕ. ಓಡುವ ಎಂಜಿನ್‌ನ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಸುಮಾರು 90 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದನ್ನು ರೇಡಿಯೇಟರ್ ಕಡೆ ಬಿಡುವ ಕವಾಟ ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88ರ ನಡುವೆ ಬಾಯಿ ತೆರೆಯುತ್ತದೆ. ನೀರು, ಎಥಿಲೀನ್ ಗ್ಲೈಕಾಲ್ ಸಮಸಮ ಬೆರೆಸಿದ ಕೂಲೆಂಟ್ ತೆರೆದ ಪಾತ್ರೆಯಲ್ಲಿ 107ರ ಆಸುಪಾಸಿನಲ್ಲಿ ಕುದಿಯುತ್ತದೆ. ರೇಡಿಯೇಟರ್ ಕ್ಯಾಪ್ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ 120 ದಾಟಿದರೂ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಸೀಲ್ ಹಳಸಿದ್ದರೆ ಸಾಕು, ಬೇರೆಲ್ಲ ಸರಿಯಿದ್ದರೂ ಗಾಡಿ ಕುದಿಯಬಹುದು. ಬಿಸಿಯಿದ್ದಾಗ ಕ್ಯಾಪ್ ತೆಗೆಯಬೇಡಿ ಅನ್ನುವುದೂ ಇದಕ್ಕೇ: ಒತ್ತಡ ಇಳಿದ ಕ್ಷಣಕ್ಕೆ ಒಳಗಿನದೆಲ್ಲ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಈಗ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುತ್ತಿದ್ದೀರಿ ಅಂದುಕೊಳ್ಳಿ. ಮುಂದೆ ಒಂದು ಬುಲೆಟ್ ಟ್ಯಾಂಕರ್. ಫಸ್ಟ್ ಗೇರ್, ಸೆಕೆಂಡ್ ಗೇರ್, ಮತ್ತೆ ಫಸ್ಟ್. ಎಂಜಿನ್ ಮೇಲೆ ಭಾರ ಪೂರ್ತಿ, ರೇಡಿಯೇಟರ್‌ಗೆ ಎದುರುಗಾಳಿ ಇಲ್ಲ, ಜೊತೆಗೆ ಎಸಿ. ಮೊದಲ ಸೂಚನೆ ಫ್ಯಾನ್. ಬಂದು ಹೋಗಿ ಮಾಡುತ್ತಿದ್ದ ಅದರ ಸದ್ದು ನಿಲ್ಲುವುದೇ ಇಲ್ಲ. ಎರಡನೆಯದು ಎಸಿ ಗಾಳಿ ಬೆಚ್ಚಗಾಗುವುದು. ಈಗಿನ ಎಷ್ಟೋ ಕಾರುಗಳಲ್ಲಿ ಕೂಲೆಂಟ್ ಮಿತಿಮೀರಿ ಕಾದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಾನಾಗಿ ಎಸಿ ಕಂಪ್ರೆಸರ್ ಕಡಿದುಬಿಡುತ್ತದೆ. 'ಗ್ಯಾಸ್ ಖಾಲಿಯಾಗಿರಬೇಕು' ಅಂತ ಹಿಂದಿನ ಸೀಟಿನಿಂದ ಒಬ್ಬರು ಹೇಳಿಯೇ ಹೇಳುತ್ತಾರೆ. ಒಮ್ಮೆ ಹಾಗೆ ಹೇಳಿದವನು ನಾನೇ. ಆಮೇಲೆ ಆಕ್ಸಿಲರೇಟರ್ ತುಳಿದರೂ ಎಳೆತ ಇಲ್ಲದಿರುವುದು, ಲೋಡ್ ಬಿದ್ದಾಗ ಕಿಟಿಕಿಟಿ ನಾಕಿಂಗ್ ಸದ್ದು, ಕೊನೆಗೆ ಬೆಲ್ಲದ ಪಾಕ ತಳ ಹಿಡಿದಂಥ ಸಿಹಿ ವಾಸನೆ. ವಾಸನೆ ಬಂತೆಂದರೆ ಕೂಲೆಂಟ್ ಎಲ್ಲೋ ಹೊರಬಿದ್ದಿದೆ.

ಮುಳ್ಳನ್ನು ಪೂರ್ತಿ ನಂಬಬೇಡಿ. ಹಲವು ಕಾರುಗಳಲ್ಲಿ ಅದು ನಿಜವಾದ ಡಿಗ್ರಿ ತೋರಿಸುವುದಿಲ್ಲ. ಉಷ್ಣತೆ ಹತ್ತಿಪ್ಪತ್ತು ಡಿಗ್ರಿ ಆಚೀಚೆ ಆದರೂ ನಡುವಿನಲ್ಲೇ ಕೂತಿರುವಂತೆ ಮಾಡಿಟ್ಟಿರುತ್ತಾರೆ. ಕೆಲವು ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ಇನ್ನೂ ಮೋಸದ ಸಂಗತಿ: ಕೂಲೆಂಟ್ ಪೂರ್ತಿ ಸೋರಿಹೋಗಿದ್ದರೆ ಸೆನ್ಸರ್‌ಗೆ ತಾಗಲು ದ್ರವವೇ ಇರುವುದಿಲ್ಲ, ಆಗ ಏರಿದ್ದ ಮುಳ್ಳು ಇಳಿದೂ ಬಿಡಬಹುದು. ಅದನ್ನು ನೋಡಿ 'ತಣ್ಣಗಾಯ್ತು' ಅಂತ ಓಡಿಸಿದರೆ ಎಂಜಿನ್ ಮುಗಿಯಿತು.

ನನಗೆ ತುಂಬ ಇಷ್ಟವಾದ ಪರೀಕ್ಷೆ ಹೀಟರ್‌ದು. ಎಸಿ ಆಫ್ ಮಾಡಿ ಹೀಟರ್ ಪೂರ್ತಿ ತಿರುಗಿಸಿ. ಅದೂ ಒಂದು ಪುಟ್ಟ ರೇಡಿಯೇಟರ್ ತಾನೆ, ಸ್ವಲ್ಪ ಬಿಸಿ ಎಳೆದುಕೊಳ್ಳುತ್ತದೆ. ಬೆವರು ಇಳಿಯುತ್ತದೆ, ಇಳಿಯಲಿ. ಕಾದ ಎಂಜಿನ್‌ನಲ್ಲಿ ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ಮಾತ್ರ ಗಾಬರಿಯಾಗಬೇಕು: ಕೂಲೆಂಟ್ ಖಾಲಿ, ಇಲ್ಲವೇ ವಾಟರ್ ಪಂಪ್ ತಿರುಗುತ್ತಿಲ್ಲ. ತಕ್ಷಣ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ. ಅರ್ಧ ಗಂಟೆಯಾದರೂ ಕಾಯಿರಿ. ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಅಲ್ಯೂಮಿನಿಯಂ ಹೆಡ್ ಬಿರುಕು ಬಿಡಬಹುದು.

ಹೆಡ್ ಗ್ಯಾಸ್ಕೆಟ್ ಹೋದ ಗುರುತುಗಳು: ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಕೂಲೆಂಟ್ ಡಬ್ಬದಲ್ಲಿ ಗುಳ್ಳೆ, ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆಸಿದ ಕಾಫಿಯಂಥ ಆಯಿಲ್. ಮಳೆಗಾಲದಲ್ಲಿ ಬರೀ ಹತ್ತಿರದ ಓಡಾಟವಾದರೆ ಆಯಿಲ್ ಕ್ಯಾಪಿನ ಅಡಿ ತೇವದಿಂದಲೂ ಬಿಳಿ ಕಟ್ಟುತ್ತದೆ, ಅದೊಂದನ್ನೇ ನೋಡಿ ಹೆಡ್ ಬಿಚ್ಚಬೇಡಿ.

ಬೆಳಗ್ಗೆ ಗಾಡಿ ತಣ್ಣಗಿರುವಾಗ ಹೋಸ್ ಕ್ಲಾಂಪ್‌ಗಳ ಸುತ್ತ ಬೆರಳಾಡಿಸಿ. ಹಸಿರೋ ಗುಲಾಬಿಯೋ ಬಣ್ಣದ ಒಣ ಹಕ್ಕಳೆ ಸಿಕ್ಕರೆ ಸೋರಿಕೆ ಅಲ್ಲೇ. ಗಾಡಿಯಡಿ ಒದ್ದೆಯಿದ್ದರೆ ಮುಟ್ಟಿ ನೋಡಿ: ಎಸಿ ನೀರು ಬೆರಳಲ್ಲಿ ಆರಿಹೋಗುತ್ತದೆ, ಕೂಲೆಂಟ್ ಜಾರುತ್ತದೆ. ಕೂಲೆಂಟೇ ಆಗಿದ್ದರೆ ಕೈಯನ್ನೂ ನೆಲವನ್ನೂ ತೊಳೆಯಿರಿ. ಸಿಹಿ ಅಂತ ಬೀದಿನಾಯಿಗಳು ನೆಕ್ಕುತ್ತವೆ, ಅವಕ್ಕದು ವಿಷ.